ಕೆಂಪಡಿಕೆಯ ಕೆಂಪು

ಕೆಂಪು ಎಂಬುದು ಒಂದೇ ಬಣ್ಣ ಎಂದು ನಂಬಿಕೊಂಡು ಇಡೀ ಜೀವಮಾನ ಕಳೆಯಬಹುದು, ಯಾರಿಗೂ ನಷ್ಟವಿಲ್ಲ. ಶಿರಸಿಯಲ್ಲಿ ಮಾತ್ರ ಆ ಸುಖ ಸಿಗುವುದಿಲ್ಲ. ಒಂದು ಹಿಡಿ ಕೆಂಪಡಿಕೆಯನ್ನು ಅಂಗೈಯಲ್ಲಿ ಹೊರಳಿಸಿ, 'ಬಣ್ಣ ಬಂಜಿಲ್ಲೆ', ಅಂದರೆ ಬಣ್ಣ ಬಂದಿಲ್ಲ, ಎಂದು ಚೀಲಕ್ಕೆ ವಾಪಸ್ ಎಸೆಯುವವರ ನಡುವೆ ನಾನು ಚಿತ್ರಕಲೆಯ ಮೇಷ್ಟ್ರು.

ಈಚೆಗೆ ನನಗೆ ಮೇಣದ ಚಿತ್ರದ ಹುಚ್ಚು ಹಿಡಿದಿದೆ. ಜೇನುಮೇಣ ಕರಗಿಸಿ, ಚೂರು ರಾಳ ಹಾಕಿ, ಬಣ್ಣದ ಪುಡಿ ಕಲಸಿ, ಬಿಸಿಯಿರುವಾಗಲೇ ಹಲಗೆಗೆ ಬಳಿಯಬೇಕು. ಕುಂಚ ಎತ್ತಿ ಯೋಚಿಸುವಷ್ಟರಲ್ಲಿ ಅದು ಗಟ್ಟಿ. ನನ್ನಂಥ ನಿಧಾನಸ್ಥರಿಗೆ ಹೇಳಿ ಮಾಡಿಸಿದ್ದಲ್ಲ. ನನ್ನಷ್ಟಕ್ಕೆ ಮಾಡಿಕೊಂಡಿದ್ದರೆ ತೊಂದರೆಯಿರಲಿಲ್ಲ. ಆದರೆ ನನ್ನ ಹೆಂಡತಿ ಸಾವಿತ್ರಿ, ಕಾನಸೂರಿನ ಅಣ್ಣನ ಗೃಹಪ್ರವೇಶಕ್ಕೆ ಕೆಂಪಡಿಕೆ ರಾಶಿಯ ಚಿತ್ರವನ್ನೇ ಕೊಡುತ್ತೇವೆಂದು ನೆಂಟರಿಗೆಲ್ಲ ಸಾರಿಬಿಟ್ಟಳು. 'ಆನು ಎಲ್ಲರ ಎದುರಿಗೆ ಹೇಳಿದ್ದಿ. ಮರ್ಯಾದೆ ತೆಗಿಯಡಿ' ಎಂದು ನನಗೂ ಹೇಳಿದಳು.

ಮೊದಲು ಅಂಗಡಿಯ ಕೆಂಪು ಪುಡಿ ಕಲಸಿದೆ. ಬಾಣಲೆಯಲ್ಲಿ ಚೆನ್ನಾಗಿತ್ತು, ಆರಿದ ಮೇಲೆ ಟೊಮೆಟೊ. ಕಪ್ಪು ಸೇರಿಸಿದೆ, ಕೊಳೆತ ಟೊಮೆಟೊ. ಕೆಮ್ಮಣ್ಣನ್ನು ಜರಡಿ ಹಿಡಿದು ಬೆರೆಸಿದೆ. ಪೇಟೆಗೆಂದು ಬಂದಿದ್ದ ಭಾವ, ಅದೇ ಕಾನಸೂರಿನ ಅಣ್ಣ, ಹಲಗೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, 'ಭಾವಯ್ಯ, ಹಂಚು ರಾಶಿ ಚೊಲೊ ಆಜು. ಯಾರ ಮನೆದು?' ಎಂದ. ಸಾವಿತ್ರಿ ಒಳಗೆ ಹೋದಳು.

ಆಗ ಹಟ ಬಂತು. ಅಡಿಕೆಗೆ ಆ ಕೆಂಪು ಕೊಡುವುದು ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರನ್ನು ಕುದಿಸಿ ಮಂದ ಮಾಡಿದ್ದು. ಅದನ್ನೇ ಮೇಣಕ್ಕೂ ಕೊಟ್ಟರಾಯಿತು! ಭಾವನಿಂದಲೇ ಒಂದು ಬಾಟಲಿ ತರಿಸಿದೆ. ಮುಂದೆ ನಡೆದದ್ದನ್ನು ಕಂಡಷ್ಟೇ ಹೇಳುತ್ತೇನೆ. ಮೇಣ ಚೆನ್ನಾಗಿ ಕಾದಿತ್ತು. ನಾನು ಬಾಟಲಿ ಬಗ್ಗಿಸಿದೆ. ಚೊಗರಿನಲ್ಲಿ ನೀರಿದೆ ಎಂಬುದು ಬಗ್ಗಿಸಿದ ಮೇಲೆ ನೆನಪಾಯಿತು. ಬಾಣಲೆ ಕ್ಷಣಹೊತ್ತು ಸುಮ್ಮನಿತ್ತು. ಆಮೇಲೆ ಚಟಪಟ. ಆಮೇಲೆ ಢಂ. ನಾನು ಮೇಜಿನ ಕೆಳಗಿದ್ದೆ. ಅಲ್ಲಿಗೆ ಹೇಗೆ ಹೋದೆ ಎಂಬುದನ್ನು ಮಾತ್ರ ಕಂಡಿಲ್ಲ.

ಸಾವಿತ್ರಿ ಓಡಿಬಂದು ಗ್ಯಾಸ್ ಆರಿಸಿದಳು. 'ಎಂತ ಆತು? ಸುಟ್ಟತ್ತಾ?'

'ಇಲ್ಲೆ.'

'ಹಂಗಾರೆ ಹೊರಗೆ ಬಂದು ಗೋಡೆ ನೋಡಿ.'

ನೋಡಿದೆ. ಗೋಡೆಯ ತುಂಬ ಹನಿಗಳು, ಒಂದೊಂದೂ ಅಪ್ಪಟ ಕೆಂಪಡಿಕೆ. 'ಬಣ್ಣ ಬಂಜು ಮಾರಾಯ್ತಿ!' ಎಂದೆ. ಅವಳು ಒಂದು ಹಳೆ ಬಟ್ಟೆ ಕೈಗೆ ಕೊಟ್ಟಳು.

ಉಳಿದ ಚೊಗರನ್ನು ತಟ್ಟೆಯಲ್ಲಿ ಪೂರ್ತಿ ಒಣಗಿಸಿ, ಅರೆದು, ಚಿಟಿಕೆ ಚಿಟಿಕೆಯಾಗಿ ಮೇಣಕ್ಕೆ ಹಾಕಿದೆ. ಪ್ರತಿ ಚಿಟಿಕೆಗೂ ಒಂದು ಹನಿ ತೆಗೆದು, ಆರಲು ಬಿಟ್ಟು, ನಿಜವಾದ ಅಡಿಕೆಯ ಪಕ್ಕ ಹಿಡಿದು ನೋಡಿದೆ. ಬಾಣಲೆಯಲ್ಲಿ ಕಪ್ಪಾಗಿ ಕಂಡದ್ದು ಹಲಗೆಯ ಮೇಲೆ ಕೆಂಪಾಗುತ್ತಿತ್ತು. ಕೊನೆಗೆ ಚೂರು ಕೆಮ್ಮಣ್ಣು ಸೇರಿದಾಗ ಎರಡೂ ಒಂದೇ ಆದವು.

ಗೃಹಪ್ರವೇಶದ ದಿನ ಭಾವ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ನೆಂಟರೆಲ್ಲ ಸೇರಿದ್ದರು. ಸಾವಿತ್ರಿ ನನ್ನ ಅಂಗಿಯ ತೋಳು ಹಿಡಿದಿದ್ದಳು. ಭಾವ ಒಂದು ಅಡಿಕೆಯ ಅಂಚನ್ನು ಉಗುರಿನಿಂದ ಒತ್ತಿದ.

'ಬಣ್ಣ ಬಂಜು' ಎಂದ. ತೋಳಿನ ಹಿಡಿತ ಸಡಿಲವಾಯಿತು. 'ಆದ್ರೆ ಉಗುರು ಇಳಿತು. ಒಣಗಿದ್ದಿಲ್ಲೆ ಭಾವಯ್ಯ. ಇನ್ನೊಂದು ಬಿಸಿಲು ಬೇಕು.'

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೇಣ ಬಿಸಿಲಿಗೆ ಕರಗುತ್ತದೆ ಎಂಬುದನ್ನು ಆ ಮನೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಸಾವಿತ್ರಿ ನನ್ನನ್ನು ಅಂಗಳದಿಂದ ಎಳೆದು ತರಬೇಕಾಯಿತು. ಚಿತ್ರ ನನ್ನ ಕಂಕುಳಲ್ಲಿತ್ತು; ನೆರಳು ಬೀಳದ ಜಾಗ ಹುಡುಕುತ್ತಿದ್ದೆ.