ತಳ ಕಾಣುವ ಕೊಳ

ಮಾತು ಕಡಿಮೆ ಇರುವವನು ಮನೆಯ ಹಿಂದೆ ಕೊಳ ಇಟ್ಟುಕೊಳ್ಳಬಾರದು. ನೀರು ಇದ್ದ ಕಡೆ ಜನ ಬಂದೇ ಬರುತ್ತಾರೆ. ಬಂದವರು ಏನಾದರೂ ಕೇಳುತ್ತಾರೆ, ಇಲ್ಲವೇ ಏನಾದರೂ ಮಾಡಿ ಹೋಗುತ್ತಾರೆ. ಅರಸೀಕೆರೆಯ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕ. ಬಂದವರನ್ನು ಸುಮ್ಮನಿರಿಸುವುದೇ ನನ್ನ ಉದ್ಯೋಗ. ಹಳೇಬೀಡಿನಲ್ಲಿರುವ ನನ್ನ ಮನೆಯ ಹಿತ್ತಲಲ್ಲಿ ಮಾತ್ರ ಆ ವಿದ್ಯೆ ಒಂದು ದಿನವೂ ನಡೆದಿಲ್ಲ.

ಕೊಳ ಅಂದರೆ ದೊಡ್ಡದೇನಲ್ಲ. ಮನೆ ಕಟ್ಟಿಸುವಾಗ ಗೋಡೆಗೆ ನೀರು ಹೊಡೆಯಲು ತೋಡಿಸಿದ ತೊಟ್ಟಿ. ಕೆಲಸ ಮುಗಿದ ಮೇಲೆ ಮುಚ್ಚಲು ಮನಸ್ಸು ಬರಲಿಲ್ಲ. ಉಳಿದ ಚಪ್ಪಡಿಗಳಿಂದ ಸುತ್ತ ಮೆಟ್ಟಿಲು ಮಾಡಿಸಿ, ಒಂದು ನೈದಿಲೆ ಗೆಡ್ಡೆ ನೆಟ್ಟೆ. ಮೊದಲ ಬೇಸಿಗೆ ಕಳೆಯುವಷ್ಟರಲ್ಲಿ ನೀರು ನುಗ್ಗೆಸೊಪ್ಪಿನ ಸಾರಿನ ಹಾಗೆ ಆಯಿತು. ನನ್ನ ಹೆಂಡತಿ ಮೆಟ್ಟಿಲ ಮೇಲೆ ನಿಂತು ತೀರ್ಪು ಕೊಟ್ಟಳು.

"ನೋಡ್ರೀ, ಈ ಸಲ ಗಣಪತಿ ಬಿಡೋದರೊಳಗೆ ನಿಮ್ಮ ಗುಂಡಿ ತಳ ಕಾಣಬೇಕು. ಇಲ್ಲದಿದ್ರೆ ಟ್ರಾಕ್ಟರಲ್ಲಿ ಮಣ್ಣು ಹೊಡೆಸಿ, ಮೇಲೆ ಬಟ್ಟೆ ಒಗೆಯೋ ಕಲ್ಲು ಹಾಕಿಸ್ತೀನಿ."

ಅವಳು ಹೇಳಿದ್ದನ್ನು ಮಾಡುವವಳು. ಟ್ರಾಕ್ಟರಿನವನಿಗೆ ಆಗಲೇ ಹೇಳಿಟ್ಟಿದ್ದಳು.

೧. ಡ್ರಮ್ಮು ಬೇಲೂರು ನೋಡಿದ್ದು

ನೀರು ಶುದ್ಧ ಮಾಡುವ ಯಂತ್ರಕ್ಕೆಂದು ಅರಸೀಕೆರೆಯ ಅಂಗಡಿಗೆ ಹೋದೆ. ಅಂಗಡಿಯವರು ಪೆಟ್ಟಿಗೆಯಂಥದ್ದೊಂದನ್ನು ತೋರಿಸಿದರು. ಒಳಗಿನ ಸ್ಪಂಜನ್ನು ವಾರವಾರವೂ ತೆಗೆದು ತೊಳೆಯಬೇಕಂತೆ. ವಾರವಾರ ಮಾಡಬೇಕಾದ ಕೆಲಸವನ್ನು ನಾನು ಎಷ್ಟು ವಾರ ಮಾಡುತ್ತೇನೆಂದು ನನಗೆ ಗೊತ್ತಿತ್ತು. ಹಾಗಾಗಿ ಓದಿ ತಿಳಿದ ಇನ್ನೊಂದು ದಾರಿ ಹಿಡಿದೆ. ಒಂದು ದೊಡ್ಡ ಡ್ರಮ್ಮು; ತಳದಲ್ಲಿ ಜಲ್ಲಿ, ಅದರ ಮೇಲೆ ದಪ್ಪ ಮರಳು, ಎಲ್ಲಕ್ಕೂ ಮೇಲೆ ತೆಂಗಿನ ನಾರು. ಸಣ್ಣ ಪಂಪು ಕೊಳದ ನೀರನ್ನು ಡ್ರಮ್ಮಿಗೆ ಎತ್ತುತ್ತದೆ. ಸೋಸಿ ಬಂದ ನೀರು ಕಾಬಾಳೆ, ಬಜೆ ಗಿಡಗಳಿರುವ ಕಲ್ಲುಬಾನಿಗೆ ಇಳಿದು ಅಲ್ಲಿಂದ ಮತ್ತೆ ಕೊಳಕ್ಕೆ ಬೀಳುತ್ತದೆ. ಪಾಚಿಗೆ ಸಿಗಬೇಕಾದ ಊಟವನ್ನು ಗಿಡಗಳು ಮೊದಲೇ ತಿಂದುಬಿಡುತ್ತವೆ. ನಾರನ್ನು ಯಾವಾಗಲಾದರೊಮ್ಮೆ ಹಿಂಡಿ ತೊಳೆದರೆ ಸಾಕು. ಮೊದಲು ಮಾತ್ರ ಚೆನ್ನಾಗಿ ನೆನೆಹಾಕಿ ಬಣ್ಣ ಬಿಡಿಸಬೇಕು, ಇಲ್ಲದಿದ್ದರೆ ಕೊಳದ ತುಂಬ ಟೀ.

ನೀಲಿ ಡ್ರಮ್ಮು ಅರಸೀಕೆರೆಯಲ್ಲೇ ಸಿಕ್ಕಿತು. ಸಂಜೆ ಬೇಲೂರು ಬಸ್ಸಿಗೆ ಹತ್ತಿಸಿದೆ. ಕಂಡಕ್ಟರು ಅದನ್ನು ಹಿಂದಿನ ಸೀಟಿನ ಪಕ್ಕ ನಿಲ್ಲಿಸಿದರು. ನಾನು ಮುಂದೆ ಕೂತು ಪುಸ್ತಕ ತೆರೆದೆ.

ಹಳೇಬೀಡಿನಲ್ಲಿ ಇಳಿಯಲು ಎದ್ದು ನೋಡಿದರೆ ಡ್ರಮ್ಮು ತುಂಬಿತ್ತು. ಬಾಯಿ ತೆರೆದ ಡ್ರಮ್ಮು ಖಾಲಿ ನಿಂತಿದ್ದರೆ ನಮ್ಮ ಜನಕ್ಕೆ ಸಮಾಧಾನವಿಲ್ಲ. ಬಾಣಾವರದಲ್ಲಿ ಯಾರೋ ವೀಳ್ಯದೆಲೆಯ ಪೆಂಡಿ ಇಟ್ಟಿದ್ದರು, ಜಾವಗಲ್ಲಿನಲ್ಲಿ ಇನ್ನಾರೋ ಅಕ್ಕಿಮೂಟೆ ಇಳಿಸಿದ್ದರು. ಎಲ್ಲದರ ಮೇಲೆ ಒಂದು ಕೋಳಿ ಕಾಲು ಕಟ್ಟಿಸಿಕೊಂಡು ಕೂತು ನನ್ನನ್ನೇ ನೋಡುತ್ತಿತ್ತು.

"ಇದು ಯಾರದು?" ಎಂದು ಕೇಳಿದೆ.

"ನಮ್ದೇ ಸಾಮಿ, ಬೇಲೂರಿಗೆ," ಎಂದು ಮೂರು ಕಡೆಯಿಂದ ಉತ್ತರ ಬಂತು. ಯಾರೂ ಏಳಲಿಲ್ಲ.

"ಡ್ರಮ್ಮು ನಂದು. ನಾನು ಇಲ್ಲಿ ಇಳೀಬೇಕು."

ಒಬ್ಬ ಯಜಮಾನರು ನಿಧಾನವಾಗಿ ಹೇಳಿದರು: "ಇಳೀರಿ ಸಾಮಿ, ಯಾರು ಬ್ಯಾಡ ಅಂದ್ರು?"

ಡ್ರೈವರು ಹಾರನ್ ಒತ್ತುತ್ತಿದ್ದರು. ಕಂಡಕ್ಟರು ನ್ಯಾಯ ಹೇಳಿದರು: "ಸಾರ್, ಇದೇ ಬಸ್ಸು ವಾಪಸ್ ಬರುತ್ತೆ. ನೀವು ಮನೆಗೆ ಹೋಗಿ ಕಾಫಿ ಕುಡೀರಿ. ಡ್ರಮ್ಮು ಹೆಂಗೂ ಇಲ್ಲೀತನಕ ಬಂದೈತೆ, ಬೇಲೂರು ನೋಡ್ಕೊಂಡು ಬರ್ಲಿ."

೨. ಪಕ್ಕದ ಮನೆ ಅಜ್ಜಿಯ ಕಾವಲು

ಡ್ರಮ್ಮು ಬೇಲೂರಿನಿಂದ ವಾಪಸ್ ಬಂದ ಮೇಲೆ ಎಲ್ಲ ಜೋಡಿಸಿದೆ. ನೀರು ತಿಳಿಯಾಗುತ್ತ ಬಂತು. ಆಮೇಲೆ, ಕಾರಣವೇ ಇಲ್ಲದೆ, ಮತ್ತೆ ಹಸಿರಾಯಿತು. ಮರಳು ಬದಲಾಯಿಸಿದೆ. ನಾರು ತೊಳೆದೆ. ಇದ್ದಬದ್ದ ಪುಸ್ತಕವೆಲ್ಲ ತಿರುವಿದೆ. ಹೆಂಡತಿ ಬಟ್ಟೆ ಒಗೆಯುವ ಕಲ್ಲು ಯಾವ ದಿಕ್ಕಿಗೆ ಇರಬೇಕೆಂದು ಯಾರನ್ನೋ ಫೋನಿನಲ್ಲಿ ಕೇಳುತ್ತಿದ್ದಳು.

ಒಂದು ದಿನ ರಜೆ ಹಾಕಿ ಮನೆಯಲ್ಲಿದ್ದೆ. ಬೆಳಗಿನ ಕೆಲಸ ಮುಗಿದ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಬೇಲಿ ಸರಿಸಿ ನಮ್ಮ ಹಿತ್ತಲಿಗೆ ಬಂದರು. ಸೀದಾ ಗೋಡೆಯ ಹತ್ತಿರ ಹೋಗಿ ಪಂಪಿನ ಸ್ವಿಚ್ಚು ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಟರು.

"ಅಜ್ಜಿ, ಯಾಕೆ ಆರಿಸಿದ್ರಿ?"

"ಮನೇಲೇ ಇದೀಯೇನಪ್ಪ? ಇನ್ನೇನ್ ಮಾಡ್ಲಿ, ಟ್ಯಾಂಕು ತುಂಬಿ ದಬದಬ ಅಂತ ನೀರು ಸುರೀತಾ ಐತೆ. ನೀವಿಬ್ರೂ ಮರೆತು ಹೋಗಿಬಿಡ್ತೀರ. ದಿನಾ ನಾನೇ ಬಂದು ಆಫ್ ಮಾಡ್ತೀನಿ, ಸಂಜೆ ನೀವು ಬರೋ ಹೊತ್ತಿಗೆ ಮತ್ತೆ ಹಾಕಿಡ್ತೀನಿ."

ನಮ್ಮ ಊರಿನಲ್ಲಿ ನೀರು ಬೀಳುವ ಸದ್ದು ಕೇಳಿದರೆ ಅದಕ್ಕೆ ಒಂದೇ ಅರ್ಥ: ಯಾರದೋ ಮನೆಯ ಟ್ಯಾಂಕು ತುಂಬಿ ಹರಿಯುತ್ತಿದೆ. ಕೇಳಿಸಿಕೊಂಡವರು ಮೋಟರು ಆರಿಸದೆ ಹೋದರೆ ಪಾಪ ಬರುತ್ತದೆ. ನಾನು ಅಜ್ಜಿಯನ್ನು ಕೊಳದ ಸುತ್ತ ಕರೆದುಕೊಂಡು ಹೋಗಿ ಎಲ್ಲವನ್ನೂ ವಿವರಿಸಿದೆ. ನನ್ನ ಮಟ್ಟಿಗೆ ಅದು ಒಂದು ಭಾಷಣ. ನೀರು ಪೋಲಾಗುವುದಿಲ್ಲ, ಇಲ್ಲಿಂದ ಹತ್ತಿ, ಅಲ್ಲಿ ಸೋಸಿ, ಗಿಡಗಳ ಬೇರು ಹಾದು ಮತ್ತೆ ಇಲ್ಲಿಗೇ ಬರುತ್ತದೆ, ಇದು ನಿಲ್ಲಬಾರದು ಎಂದೆ.

ಅಜ್ಜಿ ತಾಳ್ಮೆಯಿಂದ ಕೇಳಿದರು. "ಅಂದ್ರೆ ಇಲ್ಲಿಂದ ಹೋದ ನೀರು ಸುತ್ತಾಡ್ಕೊಂಡು ಇಲ್ಲಿಗೇ ಬತ್ತದೆ."

"ಹೌದು."

"ದಿನಾ."

"ದಿನಾ."

"ಸರಿ ಬಿಡಪ್ಪ, ಆಫ್ ಮಾಡಲ್ಲ. ನೀನೂ ದಿನಾ ಅರಸೀಕೆರೆಗೆ ಹೋಗಿ ಬತ್ತೀಯ. ನಾವೇನಾದ್ರೂ ಕೇಳಿದೀವಾ?"

೩. ಹುಳ ಸಿಕ್ಕಿದ ಜಾಗ

ಮಳೆಗಾಲ ಶುರುವಾದ ಮೇಲೆ ಸೊಳ್ಳೆ ಮರಿಗಳ ತಪಾಸಣೆಗೆ ಆಶಾ ಕಾರ್ಯಕರ್ತೆ ಮನೆಮನೆಗೆ ಬರುತ್ತಾರೆ. ನಮ್ಮ ಬೀದಿಯಲ್ಲಿ ಅವರು ನಿರೀಕ್ಷೆ ಇಟ್ಟುಕೊಂಡಿದ್ದದ್ದು ನಮ್ಮ ಮನೆಯ ಮೇಲೆ. ಆ ಸಲ ನಿಂತ ನೀರಿನ ಅಪಾಯ ಕಣ್ಣಾರೆ ತೋರಿಸಬೇಕೆಂದು ಬೀದಿಯ ಹೆಂಗಸರನ್ನೂ ಕರೆತಂದಿದ್ದರು.

ನನ್ನ ಹೆಂಡತಿ ಮುಂದೆ ನಿಂತಳು. "ನೋಡಿ ಮೇಡಂ, ಚೆನ್ನಾಗಿ ನೋಡಿ. ನಾನು ಹೇಳಿದ್ರೆ ಇವರು ಕೇಳೋದಿಲ್ಲ. ನೀವಾದ್ರೂ ಹೇಳಿ."

ಕಾರ್ಯಕರ್ತೆ ಸೌಟಿನಲ್ಲಿ ನೀರು ಮೊಗೆದು ಟಾರ್ಚು ಬಿಟ್ಟು ನೋಡಿದರು. ಇನ್ನೊಂದು ಮೂಲೆಯಲ್ಲಿ ಮೊಗೆದರು. ನೈದಿಲೆ ಎಲೆ ಎತ್ತಿ ಅದರ ಕೆಳಗೂ ಮೊಗೆದರು. ನೀರು ಓಡಾಡುತ್ತಿದ್ದರೆ ಸೊಳ್ಳೆ ಮೊಟ್ಟೆ ಇಡಲು ಹಿಂಜರಿಯುತ್ತದೆ. ಇಟ್ಟರೂ ನಾನು ಒಳಗೆ ಬಿಟ್ಟಿರುವ ಗಪ್ಪಿ ಮೀನುಗಳು ಉಳಿಸುವುದಿಲ್ಲ. ಕೊನೆಗೆ ಅವರು ನನ್ನ ಕಡೆ ತಿರುಗಿ ಬೇಸರದಿಂದ ಹೇಳಿದರು: "ಏನು ಸಾರ್, ಇಷ್ಟು ಜನಾನ ಕರ್ಕೊಂಡು ಬಂದಿದೀನಿ. ತೋರ್ಸೋಕೆ ಒಂದು ಹುಳನಾದ್ರೂ ಬೇಡ್ವಾ?"

ಬಂದದ್ದಕ್ಕೆ ಮನೆಯೊಳಗೂ ಒಮ್ಮೆ ನೋಡುತ್ತೇನೆಂದು ಹೋದರು. ಹುಳ ಅಲ್ಲಿ ಸಿಕ್ಕಿತು, ಬೇಕಾದಷ್ಟು. ಅಡುಗೆಮನೆಯ ಕಿಟಕಿಯಲ್ಲಿ ನನ್ನ ಹೆಂಡತಿ ಅಂದಕ್ಕೆಂದು ಇಟ್ಟಿದ್ದ ಮನಿಪ್ಲಾಂಟ್ ಬಾಟಲಿಯಲ್ಲಿ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಪಾಠ ಸೊಗಸಾಗಿ ನಡೆಯಿತು.

ನಾನು ಒಂದು ಮಾತೂ ಆಡಲಿಲ್ಲ. ಜೀವನದಲ್ಲಿ ಬಹಳ ಸಲ ಸುಮ್ಮನಿದ್ದೇನೆ. ಅಷ್ಟು ಚೆನ್ನಾಗಿ ಸುಮ್ಮನಿದ್ದದ್ದು ಅದೇ ಮೊದಲು.

೪. ಹೊಯ್ಸಳರ ಡ್ರಮ್ಮು

ದೇವಸ್ಥಾನದ ಬಳಿ ಗೈಡ್ ಆಗಿರುವ ಒಬ್ಬ ನನ್ನ ಜೊತೆ ಶಾಲೆಗೆ ಬಂದವನು. ಬಸ್ತಿಹಳ್ಳಿಯ ಬಸದಿಗಳನ್ನು ತೋರಿಸಲು ಪ್ರವಾಸಿಗರನ್ನು ಕರೆದುಕೊಂಡು ಹೋಗುವಾಗ ನಮ್ಮ ಮನೆಗೆ ನುಗ್ಗಿ ಒಂದು ಲೋಟ ನೀರು ಕುಡಿಯುವುದು ಅವನ ವಾಡಿಕೆ. ಒಂದು ಭಾನುವಾರ ನೀರಿಗೆ ಬಂದವನು ಹಿತ್ತಲಿನಿಂದ ಹೊರಗೆ ಹೋಗಲೇ ಇಲ್ಲ. ಇಣುಕಿ ನೋಡಿದರೆ ಹುಬ್ಬಳ್ಳಿ ಕಡೆಯ ಒಂದು ಕುಟುಂಬವನ್ನು ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿದ್ದಾನೆ.

"ಹೊಯ್ಸಳರ ಕಾಲದ ನೀರು ಶೋಧಿಸೋ ಪದ್ಧತಿ ಇದು," ಎನ್ನುತ್ತಿದ್ದ. "ಔಷಧಿ ಇಲ್ಲ, ಏನಿಲ್ಲ. ಬರೀ ಮರಳು, ಗಿಡ. ತಳದ ಕಲ್ಲು ಹೆಂಗೆ ಕಾಣ್ತಿದೆ ನೋಡಿ. ಅಲ್ಲಿ ಕೆರೇಲಿ ಕಂಡಿತಾ?"

ಕುಟುಂಬ ಭಕ್ತಿಯಿಂದ ನೋಡಿತು. ಮನೆಯ ಹಿರಿಯರು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನು ಹೊರಗೆ ಬಂದು ನಿಜ ಹೇಳಬೇಕೆಂದುಕೊಂಡೆ. ಆದರೆ ಆ ಹಿರಿಯರು ನನ್ನ ಕೊಳವನ್ನು ನೋಡುತ್ತಿದ್ದ ರೀತಿ ನನಗೆ ಬಹಳ ಹಿಡಿಸಿತ್ತು. ಅಷ್ಟರಲ್ಲಿ ಅವರೇ ಕೈ ತೋರಿಸಿ ಕೇಳಿದರು.

"ಎಲ್ಲಾ ಖರೇ ಅನ್ರಿ. ಆ ನೀಲಿ ಡ್ರಮ್ಮು ಯಾರ ಕಾಲದ್ದರೀ?"

ಗೈಡ್ ಒಂದು ಕ್ಷಣವೂ ತಡೆಯಲಿಲ್ಲ. "ಅದಾ? ಅದು ವಿಜಯನಗರದವರು ಆಮೇಲೆ ಸೇರಿಸಿದ್ದು."

೫. ಬಿಟ್ಟ ಗಣಪತಿ

ಹಬ್ಬ ಬಂತು. ಗಡುವೂ ಬಂತು. ಗಣಪತಿ ಬಿಡುವ ದಿನ ಬೆಳಿಗ್ಗೆ ಕೊಳದ ತಳದಲ್ಲಿ ಒಂದೊಂದು ಕಲ್ಲೂ ಕಾಣುತ್ತಿತ್ತು. ಹೆಂಡತಿ ಬಂದು ಬಗ್ಗಿ ನೋಡಿ, "ಸಂಜೆವರೆಗೂ ಟೈಮಿದೆ," ಎಂದು ಒಳಗೆ ಹೋದಳು.

ಸಂಜೆ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಹಿತ್ತಲ ತುಂಬ ಜನ. ಪಕ್ಕದ ಮನೆ ಅಜ್ಜಿ ತಮ್ಮ ಗಣಪತಿಯನ್ನು ಮಣೆ ಸಮೇತ ಹಿಡಿದು ಮುಂದೆ ನಿಂತಿದ್ದರು. ಹಿಂದೆ ಬೀದಿಯ ಐದಾರು ಮನೆಯವರು, ಎಲ್ಲರ ಕೈಯಲ್ಲೂ ಒಂದೊಂದು ಮಣ್ಣಿನ ಗಣಪ.

ಅಜ್ಜಿ ಹೇಳಿದರು: "ಕೆರೆ ದಡದಲ್ಲಿ ಕೆಸರು ಕಣಪ್ಪ, ಕಾಲು ಜಾರ್ತದೆ. ನಿಮ್ಮ ನೀರು ಗಂಗೆ ಇದ್ದಂಗೈತೆ. ಇಂಥಾದ್ದು ಬಿಟ್ಟು ಅಲ್ಲಿಗ್ಯಾಕೆ ಹೋಗಬೇಕು?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಆರತಿ ತಟ್ಟೆ ಹಿಡಿದು ಬಂದಳು. "ಬನ್ನಿ ಅಜ್ಜಿ, ನಾನೇ ಹೇಳಿ ಕಳಿಸಿದ್ನಲ್ಲ. ನಮ್ಮ ಕೊಳ ಇರುವಾಗ ಕೆರೆಗೆ ಯಾಕೆ?"

ಅದುವರೆಗೆ ಅವಳ ಬಾಯಲ್ಲಿ ಅದು 'ನಿಮ್ಮ ಗುಂಡಿ' ಆಗಿತ್ತು. ನಾನು ತಡೆಯುವ ಯೋಚನೆ ಬಿಟ್ಟೆ.

ಗಣಪತಿಗಳು ಒಂದೊಂದಾಗಿ ಮುಳುಗಿದವು. ಕೊನೆಯದಾಗಿ ನಮ್ಮದನ್ನು ಬಿಟ್ಟಾಗ ನೀರು ಹಾಲು ಹಾಕಿದ ಕಾಫಿಯಾಗಿತ್ತು. ತಳ ಇರಲಿ, ಮೊದಲ ಮೆಟ್ಟಿಲೂ ಕಾಣುತ್ತಿರಲಿಲ್ಲ. ಹೆಂಡತಿ ನೀರನ್ನು ನೋಡಿದಳು, ನನ್ನನ್ನು ನೋಡಿದಳು, ಪ್ರಸಾದದ ಚರ್ಪು ಹಂಚಲು ಹೋದಳು. ನಾನು ಪಂಪು ಓಡುತ್ತಿದೆಯೇ ಎಂದು ಇನ್ನೊಮ್ಮೆ ನೋಡಿ, ದೇವರ ಮೇಲೆ ಭಾರ ಹಾಕಿ ಮಲಗಿದೆ. ದೇವರಂತೂ ಅಲ್ಲೇ ಇದ್ದ.

ಬೆಳಿಗ್ಗೆ ಎದ್ದು ಹೋಗಿ ನೋಡಿದೆ. ಡ್ರಮ್ಮಿನ ನಾರು ಕೆಂಪಗಾಗಿತ್ತು, ನೀರು ತಿಳಿಯಾಗಿತ್ತು. ನನಗೆ ಎದೆಯುಬ್ಬಿತು. ಆಮೇಲೆ ತಳ ಕಂಡಿತು. ಗಣಪತಿಗಳೆಲ್ಲ ಸಾಲಾಗಿ ಕೂತಿದ್ದರು. ನಮ್ಮ ಕಡೆ ಗಣಪತಿ ಮಾಡುವವರು ಮಣ್ಣಿಗೆ ತೆಂಗಿನ ನಾರು ಕಲಸುತ್ತಾರೆ, ಅದು ಬೇಗ ಬಿಡುವುದಿಲ್ಲ. ಸೊಂಡಿಲು ಹೋಗಿತ್ತು, ಕಿವಿ ಹೋಗಿತ್ತು, ಹೊಟ್ಟೆ ಹಾಗೇ ಇತ್ತು.

ಹೂವಿಗೆ ಬಂದ ಅಜ್ಜಿ ಇಣುಕಿದವರೇ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. "ಅಯ್ಯೋ ಶಿವನೇ, ಬಿಟ್ಟ ದೇವರನ್ನ ಮತ್ತೆ ನೋಡಬಾರದು ಕಣಪ್ಪ. ಹಿಂಗಾದ್ಮೇಲಂತೂ ನೋಡಲೇಬಾರದು."

ಸುದ್ದಿ ಹಬ್ಬಿ ನಿನ್ನೆಯ ಹೆಂಗಸರೆಲ್ಲ ಬಂದರು, ಎಲ್ಲರೂ ಮುಖ ಆ ಕಡೆ ತಿರುಗಿಸಿಕೊಂಡು.

"ಮೇಲೆ ಟಾರ್ಪಾಲು ಹೊದಿಸಲಾ?" ಎಂದೆ.

"ದೇವರಿಗೆ ಟಾರ್ಪಾಲಾ?" ಎಂದರು ಅಜ್ಜಿ, ಕಣ್ಣು ಮುಚ್ಚಿಕೊಂಡೇ. "ನೀರು ಬಗ್ಗಡ ಮಾಡಪ್ಪ. ಕರಗೋತಂಕ ಕಾಣದಂಗಿದ್ರೆ ಸಾಕು."

ಹೆಂಡತಿಯೇ ಹೋಗಿ ಪಂಪು ನಿಲ್ಲಿಸಿದಳು. ನಾನು ಬಿದಿರುಗೋಲಿನಿಂದ ತಳ ಕಲಕಿದೆ. ನೀರು ಕದಡಿತು, ಎಲ್ಲರೂ ಈ ಕಡೆ ತಿರುಗಿದರು. ಕಾಫಿ ಕುಡಿದು ಬರುವಷ್ಟರಲ್ಲಿ ಮೇಲಿನ ಮಣ್ಣು ಕೆಳಗೆ ಕೂತು, ಗಣಪತಿಗಳ ಕಿರೀಟ ಕಾಣತೊಡಗಿತು. ಮತ್ತೆ ಎಲ್ಲರೂ ಆ ಕಡೆ ತಿರುಗಿದರು. ಹೆಂಡತಿ ನನ್ನ ಕೈಯಿಂದ ಕೋಲು ಕಿತ್ತುಕೊಂಡು ತಾನೇ ಕಲಕತೊಡಗಿದಳು.

"ಗಡುವು ನಿನ್ನೆಗೆ ಇತ್ತು," ಎಂದೆ ಮೆಲ್ಲಗೆ. "ತಳ ಕಾಣ್ತಾ ಇದೆ ಅಲ್ವಾ?"

"ಕಾಣ್ತಾ ಇದೆ ಕಣ್ರೀ. ಯಾರಾದ್ರೂ ಇಷ್ಟು ಚೆನ್ನಾಗಿ ಮಾಡ್ತಾರಾ?"

ಎದುರುಮನೆಯಾಕೆಗೆ ಬೆನ್ನು ತಿರುಗಿಸಿ ನಿಂತು ಸಾಕಾಗಿತ್ತು. "ಅಕ್ಕ, ಎಷ್ಟು ಹೊತ್ತು ತಿರುಗಿಸ್ತೀರ? ನಾಲ್ಕು ಮಂಕರಿ ಕೆಮ್ಮಣ್ಣು ತಂದು ಸುರಿದುಬಿಟ್ರೆ ಒಂದೇ ಸಲಕ್ಕೆ ಮುಗೀತದೆ."

ನನ್ನ ಹೆಂಡತಿ ಕಲಕುವುದನ್ನು ನಿಲ್ಲಿಸಿ, ಕೋಲನ್ನು ನೆಲಕ್ಕೆ ಊರಿ ಸೊಂಟ ನೆಟ್ಟಗೆ ಮಾಡಿಕೊಂಡಳು.

"ನಮ್ಮ ಕೊಳಕ್ಕೆ ಮಣ್ಣು ಹಾಕೋರು ಯಾರು ಬರ್ತೀರೋ ಬನ್ನಿ, ನೋಡೇಬಿಡ್ತೀನಿ. ಕಲಕೋದಾದ್ರೆ ಬಂದು ಕೋಲು ಹಿಡೀರಿ. ಇಲ್ಲದಿದ್ರೆ ಕಣ್ಣು ಮುಚ್ಕೊಂಡೇ ಮನೆಗೆ ಹೋಗಿ, ಮೆಟ್ಟಿಲು ಜೋಪಾನ."