ಕೋಥರೂಡಿನಲ್ಲಿ ಎರಡನೆಯ ಭಾಷೆ

ಮನುಷ್ಯ ಎರಡನೆಯ ಭಾಷೆಯನ್ನು ಹೇಗೆ ಕಲಿಯುತ್ತಾನೆ ಎಂಬುದಕ್ಕೆ ದೊಡ್ಡ ದೊಡ್ಡ ಸಿದ್ಧಾಂತಗಳಿವೆ. ಅವನ್ನೆಲ್ಲ ಧಾರವಾಡದಲ್ಲಿ ಓದಿ, ಮದುವೆಯಾಗಿ ಪುಣೆಗೆ ಬಂದವಳು ನಾನು. ಈಗ ಕೋಥರೂಡಿನ ನಮ್ಮ ಸೊಸೈಟಿಯ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ದೊಡ್ಡವರಿಗೆ ಕನ್ನಡ ಕಲಿಸುತ್ತೇನೆ. ಕಿಟಕಿಯಾಚೆ ಮರ ತೂಕಡಿಸುತ್ತಿರುತ್ತದೆ, ಯಾರದೋ ಮನೆಯ ಕುಕ್ಕರ್ ಕೂಗುತ್ತದೆ. ಆ ಅರೆನಿದ್ದೆಯ ಹೊತ್ತಿನಲ್ಲಿ ಕನ್ನಡ ಎಲ್ಲಿ ಮುಗಿದು ಮರಾಠಿ ಎಲ್ಲಿ ಶುರುವಾಯಿತೆಂದು ನನಗೇ ತಿಳಿಯುವುದಿಲ್ಲ. ಹಾಗಾಗಿ ಏನಾದರೊಂದು ಆಗುತ್ತಲೇ ಇರುತ್ತದೆ.

ಕಾಯಿ

ಹೊಸ ಭಾಷೆ ಕಿವಿಗೆ ಬಿದ್ದಾಗ ನಾವು ಅದನ್ನು ಕೇಳುವುದು ತಾಯ್ನುಡಿಯ ಕಿವಿಯಿಂದಲೇ, ಅನ್ನುತ್ತದೆ ಒಂದು ಸಿದ್ಧಾಂತ.

ಪಕ್ಕದ ಮನೆಯ ಹುಡುಗನ ತಾಯಿ ತುಮಕೂರಿನಿಂದ ಬಂದಿದ್ದರು. ಅವರನ್ನು ತರಕಾರಿ ಮಂಡಿಗೆ ಕರೆದುಕೊಂಡು ಹೋದೆ. ನಾನು ಕೊತ್ತಂಬರಿ ಆರಿಸುವಷ್ಟರಲ್ಲಿ ಅವರು ತೆಂಗಿನಕಾಯಿ ಗುಡ್ಡೆಯ ಮುಂದೆ ನಿಂತು, "ಒಂದು ಕಾಯಿ ಕೊಡಪ್ಪ" ಅಂದರು.

"ಕಾಯ್?" ಅಂದ ಅಂಗಡಿಯವ. ಮರಾಠಿಯಲ್ಲಿ 'ಏನು?' ಅಂತ.

"ಹೂಂ, ಕಾಯಿ."

"ಕಾಯ್?"

"ಕಾಯೀ!"

ನಾನು ಓಡಿ ಬರುವ ಹೊತ್ತಿಗೆ ಇಬ್ಬರ ದನಿಯೂ ಏರಿತ್ತು. ಅವರು ನನ್ನ ಕೈ ಹಿಡಿದು ದೂರಿದರು: "ನೋಡಮ್ಮ, ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾನೆ, ಕಾಯಿ ಮಾತ್ರ ಕೊಡ್ತಿಲ್ಲ!"

ಮೌನದ ಕಾಲ

ಕಲಿಯುವವರು ಮೊದಮೊದಲು ಸುಮ್ಮನಿರುತ್ತಾರೆ, ಆಗ ಭಾಷೆ ಒಳಗೊಳಗೇ ತುಂಬುತ್ತಿರುತ್ತದೆ, ಒತ್ತಾಯ ಮಾಡಬಾರದು. ಇದೂ ಒಂದು ಸಿದ್ಧಾಂತ. ಇದರ ಮೇಲೆ ನನಗೆ ಭಾಳ ನಂಬಿಕೆ.

ನನ್ನ ಕ್ಲಾಸಿನಲ್ಲಿ ನಿವೃತ್ತರಾದ ಮರಾಠಿ ಕಾಕಾ ಒಬ್ಬರಿದ್ದರು. ಹಿಂದಿನ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಮುಖದಲ್ಲಿ ಸಣ್ಣ ನಗೆ ಇಟ್ಟುಕೊಂಡು ಕೇಳುವರು. ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು, ಅವರಿಂದ ಒಂದು ಮಾತಿಲ್ಲ. ತುಂಬುತ್ತಿದೆ, ತುಂಬಲಿ ಎಂದು ಕಾದೆ.

ಒಂದು ಭಾನುವಾರ ಕ್ಲಾಸ್ ಮುಗಿದ ಮೇಲೆ ಕಾಕಾ ನನ್ನ ಹತ್ತಿರ ಬಂದು, ಅಪ್ಪಟ ಧಾರವಾಡದ ಕನ್ನಡದಲ್ಲಿ ಶುರುಮಾಡಿದರು: "ಬಾಯಾರ, ನಾ ಮುಂದಿನ ವಾರದಿಂದ ಬರೂದಿಲ್ರಿ."

ನನ್ನ ಕಣ್ಣು ತುಂಬಿ ಬಂತು. "ಕಾಕಾ, ಎಷ್ಟು ಚಂದ ಮಾತಾಡ್ತೀರಿ! ಈಗ ಯಾಕ ಬಿಡ್ತೀರಿ?"

"ಮನ್ಯಾಗ ನಿದ್ದಿ ಬರೂದಿಲ್ಲ ಅಂತ ಇಲ್ಲಿ ಬರ್ತಿದ್ದೆ. ನಿಮ್ಮ ದನಿ ಅಂದ್ರ ಜೋಗುಳ ಇದ್ಧಾಂಗ. ಈಗ ನೀವು ಹೇಳೂದು ಎಲ್ಲಾ ತಿಳಿಲಿಕ್ಕತ್ತೇದ, ನಿದ್ದಿ ಹಾರಿಹೋಗೇದ. ವಾಕಡದಾಗ ತಮಿಳು ಕ್ಲಾಸ್ ಸುರು ಆಗೇದಂತ, ಅಲ್ಲಿ ಹೋಗ್ತೀನ್ರಿ."

ರೀ

ಒಂದು ನಿಯಮ ಕೈಗೆ ಸಿಕ್ಕರೆ ಕಲಿಯುವವರು ಅದನ್ನು ಕಂಡಕಂಡಲ್ಲೆಲ್ಲ ಹಚ್ಚುತ್ತಾರೆ.

ಮಗರಪಟ್ಟಾದಲ್ಲಿ ಕೆಲಸ ಮಾಡುವ ಮರಾಠಿ ಹುಡುಗಿಯೊಬ್ಬಳು ಮೈಸೂರಿನ ಸಹೋದ್ಯೋಗಿಯನ್ನು ಮೆಚ್ಚಿದ್ದಳು. ಹುಡುಗನ ತಾಯಿ ಮಾತ್ರ, "ಭಾಷೆ ಬರದ ಸೊಸೆ ಜೊತೆ ನಾನು ಏನಂತ ಮಾತಾಡ್ಲಿ?" ಎಂದು ಹಟ ಹಿಡಿದಿದ್ದರು. ಹುಡುಗಿ ನನ್ನ ಕ್ಲಾಸಿಗೆ ಸೇರಿ ಹಗಲಿರುಳು ಕನ್ನಡ ಕಲಿತಳು. ಹಿರಿಯರಿಗೆ 'ರೀ' ಹಚ್ಚಬೇಕು ಅಂತ ನಾನು ಹೇಳಿದ್ದೇ ತಡ, ಕ್ಲಾಸಿನೊಳಗೆ ನುಗ್ಗಿದ ಬೆಕ್ಕಿಗೂ "ಹೊರಗ ಹೋಗ್ರಿ" ಅಂದಳು.

ಹುಡುಗ ಅಪ್ಪ ಅಮ್ಮನನ್ನು ಅವಳ ಮನೆಗೆ ಕರೆತಂದ. ಧೈರ್ಯಕ್ಕೆ ನಾನೂ ಹೋಗಿದ್ದೆ. ಸಂಜೆ ಬಿಸಿಲು ಗುಡ್ಡದ ಮೇಲೆ ಕರಗುತ್ತಿತ್ತು. ಅಪ್ಪ ಬಾಲ್ಕನಿಯಲ್ಲಿ ನಿಂತು ಅದನ್ನೇ ನೋಡುತ್ತ ಮೈಮರೆತಿದ್ದರು. ಅಮ್ಮ ಸೋಫಾದಲ್ಲಿ ಬಿಗಿದುಕೊಂಡು ಕೂತಿದ್ದರು. ಹುಡುಗಿ ಚಹಾ ತಂದಳು. ಮಾವನಾಗುವವರನ್ನು ಏನಂತ ಕರೆಯಬೇಕು? ಗೊತ್ತಿಲ್ಲ. ಬಾಲ್ಕನಿಯತ್ತ ತಿರುಗಿ, ಜೇನಿನಂಥ ದನಿಯಲ್ಲಿ ಕರೆದಳು:

"ರೀ... ಚಾ ಆರ್ತದ, ಬರ್ರಿ."

ನಮ್ಮ ಧಾರವಾಡದಲ್ಲಿ ದಾರಿಹೋಕರನ್ನೂ ಹೀಗೇ ಕರೆಯುತ್ತೇವೆ. ಆದರೆ ಮೈಸೂರಿನ ಆ ಮನೆಯಲ್ಲಿ ಅವರನ್ನು ಹಾಗೆ ಕರೆಯುವ ಹಕ್ಕು ಇದ್ದದ್ದು ಒಬ್ಬರಿಗೇ. ಹುಡುಗ ತಲೆ ತಗ್ಗಿಸಿದ.

ಬಾಲ್ಕನಿಯಿಂದ ಆ ಮನುಷ್ಯ ಕನಸಿನಲ್ಲಿದ್ದಂತೆಯೇ, "ಬಂದೆ ಕಣೇ!" ಎಂದು ದಡಬಡ ಒಳಗೆ ಬಂದರು. ಎದುರಿಗೆ ಹುಡುಗಿಯನ್ನು ಕಂಡು ಕಲ್ಲಾದರು.

ಅಮ್ಮ ಗಂಡನನ್ನು ನೋಡಿದರು, ಹುಡುಗಿಯನ್ನು ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ನನ್ನ ಕಡೆ ತಿರುಗಿದರು:

"ಇಷ್ಟು ವರ್ಷದಲ್ಲಿ ಒಂದು ದಿನಾನೂ ನನ್ನ ಮೊದಲನೇ ಕೂಗಿಗೆ ಇವರು ಎದ್ದು ಬಂದಿಲ್ಲ. ಬೇಗ ಮುಹೂರ್ತ ನೋಡ್ಸಿ. ಇವರನ್ನ ಊಟಕ್ಕೆ ಕರೆಯೋ ಕೆಲಸ ಇನ್ಮೇಲೆ ಇವಳದೇ!"