ಕೋಟೆ ಕಾಯುವ ಮುದುಕನ ಗಂಜಿ

ಅನುವಾದಕನೆಂದರೆ ಮದುವೆಮನೆಯಲ್ಲಿ ಬಡಿಸುವವನ ಹಾಗೆ. ಊಟ ಚೆನ್ನಾಗಿದ್ದರೆ ಅಡುಗೆಯವರನ್ನು ಹೊಗಳುತ್ತಾರೆ, ಸಾರು ತಣ್ಣಗಿದ್ದರೆ ಬಡಿಸಿದವನನ್ನು ಬೈಯುತ್ತಾರೆ. ಇದನ್ನು ನಾನೂ ಒಪ್ಪಿಕೊಂಡಿದ್ದೇನೆ. ಆದರೆ ಬೈಯುವವರು ಸ್ವಂತ ಅತ್ತೆಯಾಗಿದ್ದು, ಒಂದೇ ಸೂರಿನಡಿ ಇದ್ದು, ಬೆಳಗಿನ ಕಾಫಿಯೂ ಅವರ ಕೈಯಿಂದಲೇ ಬರಬೇಕಾಗಿದ್ದರೆ ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ.

ತೊಂಬತ್ತರ ದಶಕದಲ್ಲಿ ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ಜಯಲಕ್ಷ್ಮಿಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಒಬ್ಬ ಜಪಾನಿ ಲೇಖಕರ ಐತಿಹಾಸಿಕ ಕಾದಂಬರಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೆ. ಅದು ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಮೊದಲ ಕಂತಿನ ಜೊತೆ ಲೇಖಕರ ಬಗ್ಗೆ ನಾಲ್ಕು ಮಾತು ಬರೆದೆ ನೋಡಿ, ಅಲ್ಲಿಂದ ನನ್ನ ಗ್ರಹಚಾರ ಶುರು. ಆ ಲೇಖಕರು ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಲೇ ನಲವತ್ತು ದಾಟಿದ ಮೇಲೆ ಬರೆಯಲು ಕೂತವರು. ದಿನಪತ್ರಿಕೆಗೆ ದಿನಕ್ಕೊಂದು ಕಂತು ಬರೆದು, ಮಗಳ ಮದುವೆಯ ದಿನವೂ ತಪ್ಪಿಸದವರು. ರಾಜರನ್ನು ಪಕ್ಕಕ್ಕೆ ಸರಿಸಿ ಕೋಟೆ ಬಾಗಿಲು ಕಾಯುವವರ, ದೋಣಿ ನಡೆಸುವವರ ಕಥೆ ಹೇಳಿ ಆ ದೇಶದಲ್ಲಿ ಮನೆಮಾತಾದವರು. ಇಷ್ಟೇ ಬರೆದದ್ದು. ಅಂದಿನಿಂದ ಅತ್ತೆ ಅವರಿಗೆ ‘ಜಪಾನ್ ಮೇಷ್ಟ್ರು’ ಎಂದು ಹೆಸರಿಟ್ಟರು. ನಿಜವಾದ ಮೇಷ್ಟ್ರಾದ ನಾನು ಬರೀ ‘ಅಳಿಯಂದ್ರು’. ಒಂದು ಭಾನುವಾರ ಸುಸ್ತಾಗಿ ಮಲಗಿದರೆ, “ಅವ್ರು ಮಗಳ ಮದ್ವೆ ದಿನವೂ ಬರೆದ್ರಂತೆ ಕಣಮ್ಮ,” ಎಂದು ನನ್ನ ಹೆಂಡತಿ ಗಿರಿಜೆಗೆ, ನನಗೆ ಕೇಳಿಸುವ ಹಾಗೆ ಹೇಳುತ್ತಿದ್ದರು.

ಆ ಕಾದಂಬರಿಯಲ್ಲಿ ಕೋಟೆ ಬಾಗಿಲು ಕಾಯುವ ಒಬ್ಬ ಮುದುಕನಿದ್ದ. ಅವನ ಮೇಲೆ ಅತ್ತೆಗೆ ಬಲು ಪ್ರೀತಿ. ಪತ್ರಿಕೆ ಬಂದ ಮಧ್ಯಾಹ್ನ ಪಕ್ಕದ ಮನೆಯ ಫಿಲೋಮಿನಮ್ಮ ಅವರೆಕಾಯಿ ಮೊರದ ಸಮೇತ ಬರುವರು. ಅತ್ತೆ ಗಟ್ಟಿಯಾಗಿ ಓದುವರು, ಅವರು ಕಾಳು ಬಿಡಿಸುತ್ತ ಕೇಳುವರು. ಶತ್ರುಗಳು ಕೋಟೆಯನ್ನು ಮುತ್ತಿದ ವಾರ ಅತ್ತೆ ವಿಭೂತಿ ಹಚ್ಚಿಕೊಳ್ಳುವಾಗ ಮುದುಕನನ್ನೂ ಸೇರಿಸಿ ಬೇಡಿಕೊಂಡರು. ಫಿಲೋಮಿನಮ್ಮ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬಂದರು. ಮುಂದಿನ ಅಧ್ಯಾಯದಲ್ಲಿ ಅವನು ಸಾಯುತ್ತಾನೆಂದು ಬಲ್ಲವನು ನಾನೊಬ್ಬನೇ. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸಂಜೆ ಕಾಫಿ ಕುಡಿಯುತ್ತ, ಅವನು ತನ್ನ ಪಾಲಿನ ಅನ್ನವನ್ನೆಲ್ಲ ಕೋಟೆಯೊಳಗಿನ ಹೆಂಗಸರು ಮಕ್ಕಳಿಗೆ ಕೊಟ್ಟು, ಹಸಿದುಕೊಂಡೇ ಬಾಗಿಲಲ್ಲಿ ಪ್ರಾಣ ಬಿಡುತ್ತಾನೆ ಎಂದುಬಿಟ್ಟೆ.

“ಸಾಯ್ಲಿ, ವಯಸ್ಸಾಗಿತ್ತು,” ಎಂದರು ಅತ್ತೆ. “ಆದ್ರೆ ಹೊಟ್ಟೆಗಿಲ್ದೆ ಯಾಕೆ ಕಳಿಸ್ತೀರಿ? ಒಂದು ತುತ್ತು ಮೊಸರನ್ನ ಕೊಟ್ರೆ ನಿಮ್ ಗಂಟೇನ್ ಹೋಗ್ತದೆ?”

“ಆಗಿನ ಜಪಾನಿನಲ್ಲಿ ಮೊಸರೆಲ್ಲಿತ್ತು ಅತ್ತೆ?”

“ಹಸು ಇರ್ಲಿಲ್ವಾ?”

“ಇದ್ವು, ಉಳೋದಕ್ಕೆ. ಜನ ಹಾಲು ಕರೀತಿರ್ಲಿಲ್ಲ.”

“ಅಯ್ಯೋ ಶಿವನೇ!” ಎಂದು ಅತ್ತೆ ಇಡೀ ದೇಶಕ್ಕೆ ಮರುಗಿದರು.

ಮೂಲದಲ್ಲಿ ಇಲ್ಲದ ಒಂದು ಅಕ್ಷರವನ್ನೂ ಸೇರಿಸುವಂತಿಲ್ಲ, ಅದು ಅನುವಾದಕನ ಧರ್ಮ ಎಂದು ನಾನು ಕ್ಲಾಸಿನ ದನಿಯಲ್ಲಿ ಸಾರಿದೆ. ಅಂದು ಅತ್ತೆ ಊಟ ಮಾಡಲಿಲ್ಲ. ಮುನಿಸಿಕೊಂಡು ಬಿಟ್ಟದ್ದಲ್ಲ; ತಟ್ಟೆಯ ಮುಂದೆ ಕೂತು, “ಯಾಕೋ ಸೇರ್ತಿಲ್ಲ,” ಎಂದು ಎದ್ದರು. ಮಾವ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಅತ್ತೆ ಗಂಜಿ ಒಯ್ದು ತಲುಪುವ ಮೊದಲೇ ಎಲ್ಲ ಮುಗಿದುಹೋಗಿತ್ತೆಂದು ಗಿರಿಜೆ ಆಮೇಲೆ ಹೇಳಿದಳು.

ಮರುದಿನ ಬೆಳಿಗ್ಗೆ ಧರ್ಮವನ್ನು ಪಕ್ಕಕ್ಕಿಟ್ಟು ಒಂದು ಸಾಲು ಬರೆದೆ: ‘ಒಳಗಿನಿಂದ ಒಬ್ಬ ಮುದುಕಿ ಒಂದು ಬಟ್ಟಲು ಬಿಸಿ ಗಂಜಿ ತಂದಳು, ಅವನು ಕೊನೆಯ ಗುಟುಕಿನವರೆಗೂ ನಿಧಾನವಾಗಿ ಕುಡಿದ.’ ಯಾರಿಗೂ ಹೇಳಲಿಲ್ಲ. ಅಷ್ಟು ಭಾಷಣ ಬಿಗಿದವನು ಯಾವ ಮುಖ ಇಟ್ಟುಕೊಂಡು ಹೇಳಲಿ? ಸಂಚಿಕೆ ಬಂದಾಗ ಅತ್ತೆ ಕಣ್ಣೊರೆಸಿಕೊಳ್ಳುತ್ತ ನನ್ನ ಕೋಣೆಗೇ ಬಂದರು. “ನೋಡಿದ್ರಾ ಅಳಿಯಂದ್ರೇ? ಹಸಿದ್ಕೊಂಡೇ ಸಾಯ್ತಾನೆ ಅಂತ ಹೆದರಿಸ್ಬುಟ್ರಿ. ಸರಿಯಾಗಿ ಓದಿ ಹೇಳಬಾರ್ದಾ? ಜಪಾನ್ ಮೇಷ್ಟ್ರು ಅಂಥೋರಲ್ಲ ಕಣ್ರೀ!”

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಕೆಲವು ವರ್ಷಗಳಾದ ಮೇಲೆ, ಹೊಸ ಶತಮಾನ ಹುಟ್ಟಿದ ಹೊಸತರಲ್ಲಿ, ಜಪಾನ್ ಮೇಷ್ಟ್ರು ಮೈಸೂರಿಗೆ ಒಂದು ಭಾಷಣಕ್ಕೆ ಬಂದರು. ಅನುವಾದಕನ ಮನೆ ನೋಡಲೇಬೇಕೆಂದು, ಕನ್ನಡ ಕಲಿತಿದ್ದ ಒಬ್ಬ ಜಪಾನಿ ಹುಡುಗಿಯನ್ನು ದುಭಾಷಿಯಾಗಿ ಕರೆದುಕೊಂಡು ನಮ್ಮಲ್ಲಿಗೂ ಬಂದರು. ಕುಳ್ಳಗಿನ, ತೆಳ್ಳಗಿನ ಮನುಷ್ಯ, ಕೈಯಲ್ಲೊಂದು ಛತ್ರಿ. ಅತ್ತೆ ಉಪ್ಪಿಟ್ಟು ಕೊಟ್ಟು ನೇರ ವಿಷಯಕ್ಕೇ ಬಂದರು: “ಆ ಮುದುಕನಿಗೆ ಸಾಯೋ ಮುಂಚೆ ಗಂಜಿ ಕೊಟ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಿರ್ಲಿ.”

ಹುಡುಗಿ ಅದನ್ನು ಜಪಾನಿಯಲ್ಲಿ ಹೇಳಿದಳು. ನಾನು ಫ್ಯಾನಿನ ಕೆಳಗೇ ಬೆವರಿದೆ. ಮೇಷ್ಟ್ರು ಚಮಚ ಕೆಳಗಿಟ್ಟು ನನ್ನನ್ನು ನೋಡಿದರು, ಅತ್ತೆಯ ಒದ್ದೆಗಣ್ಣನ್ನು ನೋಡಿದರು. ಆಮೇಲೆ ಮೆಲ್ಲಗೆ ಏನೋ ಕೇಳಿದರು. ಹುಡುಗಿ, “ಗಂಜಿಗೆ ನಂಚಿಕೊಳ್ಳಲು ಏನಿತ್ತು ಎಂದು ಕೇಳುತ್ತಿದ್ದಾರೆ,” ಎಂದಳು.

“ಅದನ್ನ ನೀವು ಬರ್ದಿರ್ಲಿಲ್ಲ. ಉಪ್ಪಿನಕಾಯಿ ಇದ್ದಿರ್ಬೇಕು ಅಂತ ನಾನೇ ಅಂದ್ಕೊಂಡೆ,” ಎಂದರು ಅತ್ತೆ.

ಇತ್ತು ಎಂದರು ಮೇಷ್ಟ್ರು. ಆವತ್ತು ಪತ್ರಿಕೆಯವರು ಬಾಗಿಲಲ್ಲೇ ಕಾಯುತ್ತಿದ್ದರು, ಆತುರದಲ್ಲಿ ಬಿಟ್ಟುಹೋಯಿತು ಎಂದರು. ಎದ್ದು ನಿಂತು ಅತ್ತೆಗೆ ಬಗ್ಗಿ ನಮಸ್ಕರಿಸಿದರು. ನನಗೆ ಇನ್ನೂ ಸ್ವಲ್ಪ ಹೆಚ್ಚಾಗಿಯೇ ಬಗ್ಗಿದರು. ನನಗೆ ಆ ಕ್ಷಣ ಅವರನ್ನು ತಬ್ಬಿಕೊಳ್ಳಬೇಕೆನಿಸಿತು.

ಅವರ ಕಾರು ತಿರುವು ದಾಟುವವರೆಗೂ ಅತ್ತೆ ಗೇಟಿನಲ್ಲೇ ನಿಂತಿದ್ದರು. ಒಳಗೆ ಬಂದವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಇಷ್ಟು ವರ್ಷ ತರ್ಜುಮೆ ಮಾಡಿ ಏನ್ ಬಂತು ಅಳಿಯಂದ್ರೇ? ಆ ಗಂಜಿ ಥರದ್ದು ಒಂದು ಸಾಲು ನಿಮ್ಮ ಕೈಲಿ ಬರೆಯೋಕಾದೀತಾ?”

“ನನ್ನ ಕೈಲೆಲ್ಲಿ ಆಗುತ್ತೆ ಅತ್ತೆ,” ಎಂದು, ಉಳಿದಿದ್ದ ಉಪ್ಪಿಟ್ಟಿಗೆ ತಟ್ಟೆ ಒಡ್ಡಿದೆ.